ಮರೆಯಲಾಗದ ವಿಜ್ಞಾನಿ ಡಾ. ಯಲ್ಲಾಪ್ರಗಡ ಸುಬ್ಬರಾವ್

ಗರ್ಭಿಣಿಯರಿಗೆ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಫೋಲಿಕ್ ಆಮ್ಲದ ಗುಳಿಗೆ, ಆನೆಕಾಲು ರೋಗಕ್ಕೆ ಕೊಡುವ ಡಿ.ಇ.ಸಿ. ಗುಳಿಗೆ, ರಕ್ತದ ಕ್ಯಾನ್ಸರಿಗೂ ಸಂಧಿವಾತಕ್ಕೂ ಬಳಸುವ ಮೆಥೊಟ್ರೆಕ್ಸೇಟ್, ಟೆಟ್ರಾಸೈಕ್ಲಿನ್ ವರ್ಗದ ಔಷಧಗಳು - ಇವುಗಳಲ್ಲಿ ಒಂದಾದರೂ ಪ್ರವೇಶಿಸದ ಮನೆ ನಮ್ಮ ಕರಾವಳಿಯಲ್ಲಿ ಅಪರೂಪ. ಈ ನಾಲ್ಕರ ಹಿಂದೆಯೂ ಒಬ್ಬರೇ ಭಾರತೀಯ ವಿಜ್ಞಾನಿಯ ಪರಿಶ್ರಮವಿದೆ ಎಂಬುದನ್ನು ಬಲ್ಲವರು ಮಾತ್ರ ಬಹಳ ಮಂದಿ ಇಲ್ಲ. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸುಬ್ಬರಾಯರು ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಗೋದಾವರೀ ಸೀಮೆಯ ಭೀಮವರದಲ್ಲಿ. ಆಗ ಆ ಊರೂ ನಮ್ಮ ಕಾಸರಗೋಡೂ ಒಂದೇ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದವು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರರು. ಅನಾರೋಗ್ಯದಿಂದ ಅವರು ಬೇಗನೆ ಕೆಲಸ ಬಿಡಬೇಕಾಯಿತು. ಮನೆತುಂಬ ಮಕ್ಕಳು, ಬಡತನವೂ ಜತೆಗೇ ಬಂತು. ಹದಿಮೂರರ ಹುಡುಗ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವೆನೆಂದು ಮನೆ ಬಿಟ್ಟು ಹೊರಟಿದ್ದನಂತೆ. ತಾಯಿ ವೆಂಕಮ್ಮ ಬಿಡಲಿಲ್ಲ. ಮಗನನ್ನು ಹಿಂದಕ್ಕೆ ಕರೆತಂದು ಮತ್ತೆ ಶಾಲೆಗೆ ಕಳುಹಿಸಿದರು.

ಓದಿನಲ್ಲಿ ಸುಬ್ಬರಾಯರು ಆರಂಭದಲ್ಲಿ ಅಷ್ಟೇನೂ ಮುಂದಿರಲಿಲ್ಲ. ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಎರಡು ಸಲ ಸೋತು, ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ ಮೇಲೆ ಅವರ ಮನಸ್ಸು ರಾಮಕೃಷ್ಣ ಮಿಶನ್ನಿನ ಕಡೆಗೆ ಎಳೆಯಿತು. ಸನ್ಯಾಸಿಯಾಗಲು ತಾಯಿ ಒಪ್ಪಲಿಲ್ಲ. ಕೊನೆಗೆ ಅವರು ಮದ್ರಾಸ್ ವೈದ್ಯಕೀಯ ಕಾಲೇಜನ್ನು ಸೇರಿದರು. ಓದಿನ ಖರ್ಚಿಗೆ ಸ್ನೇಹಿತರೂ, ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ನೆರವಾದರು. 1919ರಲ್ಲಿ ಅವರ ಮಗಳು ಶೇಷಗಿರಿಯೊಂದಿಗೆ ವಿವಾಹವಾಯಿತು.

ಅದು ಗಾಂಧೀಜಿಯವರ ಕರೆ ದೇಶವೆಲ್ಲ ಮೊಳಗುತ್ತಿದ್ದ ಕಾಲ. ಸುಬ್ಬರಾಯರು ಖಾದಿಯ ಅಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಪರಿಣಾಮವಾಗಿ ಎಂ.ಬಿ.ಬಿ.ಎಸ್. ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. ಸರಕಾರಿ ವೈದ್ಯಕೀಯ ಸೇವೆಯ ಬಾಗಿಲೂ ತೆರೆಯಲಿಲ್ಲ. ಮದ್ರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿಯವರು ನಡೆಸುತ್ತಿದ್ದ ಆಯುರ್ವೇದ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿಕೊಂಡರು.

ಈ ನಡುವೆ ಮನೆಗೆ ದೊಡ್ಡ ಆಘಾತ ಒದಗಿತ್ತು. ಸ್ಪ್ರೂ ಎಂಬ ಗ್ರಹಣಿ ರೋಗಕ್ಕೆ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಈ ರೋಗ ತಗಲಿದವರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಭೇದಿ ನಿಲ್ಲದೆ, ರಕ್ತ ಬತ್ತಿ, ದೇಹ ಸೊರಗುತ್ತದೆ. ಸುಬ್ಬರಾಯರಿಗೂ ಅದೇ ರೋಗ ತಗಲಿ, ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಬದುಕಿ ಉಳಿದರು. ಈ ರೋಗದ ಮೂಲವೇನು, ಇದಕ್ಕೆ ಮದ್ದೇನು ಎಂಬ ಪ್ರಶ್ನೆ ಅವರನ್ನು ಮತ್ತೆ ಬಿಡಲಿಲ್ಲ.

ಬಾಸ್ಟನ್ ನಗರದಲ್ಲಿ

ಮಾವನ ಸಹಾಯ ಮತ್ತು ಕಾಕಿನಾಡದ ಒಂದು ಧರ್ಮಸಂಸ್ಥೆಯ ನೆರವಿನ ಭರವಸೆಯಿಂದ 1923ರಲ್ಲಿ ಅವರು ಅಮೆರಿಕೆಯ ಬಾಸ್ಟನ್ನಿಗೆ ಬಂದಿಳಿದರು. ಹಾರ್ವರ್ಡಿನಲ್ಲಿ ಉಷ್ಣವಲಯದ ರೋಗಗಳ ಶಾಸ್ತ್ರವನ್ನು ಅಭ್ಯಸಿಸಲು ತೊಡಗಿದರು. ಮದ್ರಾಸಿನ ಎಲ್.ಎಂ.ಎಸ್.ಗೆ ಅಲ್ಲಿ ವೈದ್ಯನ ಕೆಲಸ ಸಿಗುವಂತಿರಲಿಲ್ಲ. ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಜವಾನರಾಗಿ, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಹಗಲು ಓದು, ರಾತ್ರಿ ದುಡಿಮೆ.

ಡಿಪ್ಲೊಮಾ ಮುಗಿಸಿ ಅವರು ಹಾರ್ವರ್ಡಿನ ಜೀವರಸಾಯನ ವಿಭಾಗವನ್ನು ಸೇರಿದರು. ಅಲ್ಲಿ ಸೈರಸ್ ಫಿಸ್ಕ್ ಎಂಬವರ ಕೈಕೆಳಗೆ ಕೆಲಸ. ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ಸುಲಭ ವಿಧಾನವೊಂದನ್ನು ಇಬ್ಬರೂ ಸೇರಿ ರೂಪಿಸಿ 1925ರಲ್ಲಿ ಪ್ರಕಟಿಸಿದರು. ದ್ರವಕ್ಕೆ ಕೆಲವು ರಾಸಾಯನಿಕಗಳನ್ನು ಬೆರೆಸಿದರೆ ನೀಲಿ ಬಣ್ಣ ಮೂಡುತ್ತದೆ. ಬಣ್ಣ ಗಾಢವಾದಷ್ಟೂ ರಂಜಕ ಹೆಚ್ಚು. ಫಿಸ್ಕ್-ಸುಬ್ಬರಾವ್ ವಿಧಾನವೆಂಬ ಹೆಸರಿನಿಂದ ಇದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂತು.

ಇದೇ ವಿಧಾನದಿಂದ ಸ್ನಾಯುವಿನ ಸಾರವನ್ನು ಪರೀಕ್ಷಿಸುವಾಗ ನೀಲಿ ಬಣ್ಣ ಒಮ್ಮೆಗೇ ಮೂಡದೆ ತಡವಾಗಿ ಮೂಡುವುದು ಕಂಡುಬಂತು. ಬೇರೆಯವರಾದರೆ ಪ್ರಯೋಗದ ದೋಷವೆಂದು ಬಿಟ್ಟುಬಿಡುತ್ತಿದ್ದರೋ ಏನೋ. ಇವರು ಬಿಡದೆ ಅದರ ಬೆನ್ನು ಹತ್ತಿದರು. ಬೇಗನೆ ಒಡೆದುಹೋಗುವ ಯಾವುದೋ ರಂಜಕ ಸಂಯುಕ್ತ ಸ್ನಾಯುವಿನಲ್ಲಿ ಅಡಗಿದೆ ಎಂದು ಗೊತ್ತಾಯಿತು. ಅದೇ ಫಾಸ್ಫೊಕ್ರಿಯಾಟಿನ್. ಈ ಶೋಧ 1927ರಲ್ಲಿ ಪ್ರಕಟವಾಯಿತು. ಸ್ನಾಯು ಸಂಕುಚಿಸಲು ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಅದುವರೆಗೆ ದೊಡ್ಡ ವಿದ್ವಾಂಸರು ನಂಬಿದ್ದರು. ಆ ನಂಬಿಕೆಯ ಬುಡವೇ ಅಲುಗಾಡಿತು.

1929ರಲ್ಲಿ ಇನ್ನೂ ದೊಡ್ಡ ಶೋಧ ಬಂತು. ಸ್ನಾಯುವಿನಿಂದ ಎ.ಟಿ.ಪಿ. ಎಂಬ ನ್ಯೂಕ್ಲಿಯೊಟೈಡನ್ನು ಅವರು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಎಂಬವರೂ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. ಉಣ್ಣುವ ಅನ್ನದಿಂದ ಬರುವ ಶಕ್ತಿಯನ್ನು ನಮ್ಮ ಜೀವಕೋಶಗಳು ನೇರವಾಗಿ ಖರ್ಚು ಮಾಡುವುದಿಲ್ಲ. ಎ.ಟಿ.ಪಿ. ಎಂಬ ನಾಣ್ಯವಾಗಿ ಮಾಡಿಕೊಂಡೇ ಅದನ್ನು ಬಳಸುತ್ತವೆ. ಕಣ್ಣು ಮಿಟುಕಿಸಲೂ ಕೈ ಎತ್ತಲೂ ಈ ನಾಣ್ಯವೇ ಬೇಕು.

1930ರಲ್ಲಿ ಪಿಎಚ್.ಡಿ. ಪದವಿ ದೊರೆಯಿತು. ಆದರೆ ಹಾರ್ವರ್ಡಿನಲ್ಲಿ ಶಾಶ್ವತ ಹುದ್ದೆ ದೊರೆಯಲಿಲ್ಲ. ಅವರು ಬೇರ್ಪಡಿಸಿದ್ದ ಇತರ ಕೆಲವು ನ್ಯೂಕ್ಲಿಯೊಟೈಡುಗಳ ವಿಷಯವನ್ನು ಹೊರಬರಲು ಫಿಸ್ಕ್ ಬಿಡಲಿಲ್ಲವೆಂದೂ, ಅವನ್ನು ಬೇರೆಯವರು ವರ್ಷಗಳ ಬಳಿಕ ಮತ್ತೆ ಕಂಡುಹಿಡಿಯಬೇಕಾಯಿತೆಂದೂ ಮುಂದೆ 1988ರ ನೊಬೆಲ್ ಬಹುಮಾನ ಪಡೆದ ಜಾರ್ಜ್ ಹಿಚಿಂಗ್ಸ್ ಹೇಳಿದ್ದಾರೆ. ಹಿಚಿಂಗ್ಸ್ ತಾವೂ ಅದೇ ವಿಭಾಗದಲ್ಲಿ ವಿದ್ಯಾರ್ಥಿಯಾಗಿದ್ದವರು. ಸುಬ್ಬರಾಯರು ಮಾತ್ರ ಇದಕ್ಕಾಗಿ ಯಾರೊಂದಿಗೂ ಜಗಳಕ್ಕೆ ನಿಲ್ಲಲಿಲ್ಲ.

ಲೆಡರ್ಲೆಯ ದಿನಗಳು

1940ರಲ್ಲಿ ಅವರು ಹಾರ್ವರ್ಡನ್ನು ಬಿಟ್ಟು, ನ್ಯೂಯಾರ್ಕಿನ ಬಳಿಯ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಬೇಗನೆ ಅಲ್ಲಿನ ಸಂಶೋಧನೆಯ ನಿರ್ದೇಶಕರೂ ಆದರು. ಹಾರ್ವರ್ಡಿನಲ್ಲಿದ್ದಾಗಲೇ ಯಕೃತ್ತಿನ ಸಾರದಲ್ಲಿರುವ, ರಕ್ತಹೀನತೆಯನ್ನು ಗುಣಪಡಿಸುವ ವಸ್ತುವನ್ನು ಅವರು ಅರಸುತ್ತಿದ್ದರು. ಈ ಹುಡುಕಾಟಕ್ಕೆ ಭಾರತದ ನಂಟೂ ಉಂಟು. 1930ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಕಂಡಿದ್ದರು. 1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ ಸೊಪ್ಪಿನಿಂದ ಅಂಥದೇ ವಸ್ತುವನ್ನು ಚೂರಷ್ಟು ತೆಗೆದು, ಎಲೆಯಿಂದ ಬಂದುದರಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಟನ್ನುಗಟ್ಟಲೆ ಸೊಪ್ಪಿನಿಂದ ರೋಗಿಗಳಿಗೆ ಮದ್ದು ಒದಗಿಸುವಂತಿಲ್ಲ. ಸುಬ್ಬರಾಯರ ತಂಡ ಯಕೃತ್ತನ್ನೂ ಹುದುಗುವಿಕೆಯನ್ನೂ ಎರಡು ದಾರಿಗಳಾಗಿ ಹಿಡಿಯಿತು. ದೋಸೆಹಿಟ್ಟನ್ನು ರಾತ್ರಿ ಬೆಳಗಾಗುವುದರೊಳಗೆ ಹುಳಿಯಾಗಿಸುವ ಸೂಕ್ಷ್ಮಜೀವಿಗಳನ್ನು ನಮ್ಮ ಗೃಹಿಣಿಯರು ಬಲ್ಲರು. ಅಂಥ ಜೀವಿಗಳನ್ನು ಬೆಳೆಸಿ, ಅವು ತಯಾರಿಸುವ ವಸ್ತುವನ್ನು ಸೋಸಿ ತೆಗೆಯುವುದೇ ಈ ಎರಡನೆಯ ದಾರಿ. ಎರಡರಿಂದಲೂ ದೊರೆತ ವಸ್ತುಗಳ ರಚನೆಯನ್ನು ಅರಿತು, 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲೇ ತಯಾರಿಸುವುದರಲ್ಲಿ ತಂಡ ಗೆದ್ದಿತು. ಸ್ವಲ್ಪದರಲ್ಲೇ ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟು ನೋಡಿದರು. ಬತ್ತಿದ್ದ ರಕ್ತ ಮತ್ತೆ ತುಂಬಿತು, ರೋಗಿಗಳು ಚೇತರಿಸಿಕೊಂಡರು. ಸಹೋದರರಿಬ್ಬರನ್ನು ನುಂಗಿದ ರೋಗಕ್ಕೆ ಮದ್ದು ಸಿಕ್ಕಿತ್ತು. ಆದರೆ ಅವರು ತೀರಿಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು.

ಫೋಲಿಕ್ ಆಮ್ಲ ಇಲ್ಲದೆ ಜೀವಕೋಶ ಹೊಸ ಡಿ.ಎನ್.ಎ. ತಯಾರಿಸಲಾರದು; ಅದಕ್ಕೆ ಬೇಕಾದ ನ್ಯೂಕ್ಲಿಯೊಟೈಡುಗಳೇ ಹುಟ್ಟುವುದಿಲ್ಲ. ಹಾಗಾದರೆ ಎಗ್ಗಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಫೋಲಿಕ್ ಆಮ್ಲದಂತೆಯೇ ಕಾಣುವ ಹುಸಿ ವಸ್ತುವನ್ನು ಉಣಿಸಿದರೆ? ಆ ವಸ್ತು ಕಿಣ್ವಕ್ಕೆ ಅಂಟಿಕೊಂಡು, ಬೀಗದಲ್ಲಿ ಸಿಕ್ಕಿಬಿದ್ದ ತಪ್ಪು ಕೀಲಿಕೈಯಂತೆ ಕೆಲಸ ಕೆಡಿಸುತ್ತದೆ. ಲೆಡರ್ಲೆಯಲ್ಲಿ ತಯಾರಾದ ಇಂಥ ವಸ್ತು ಅಮಿನೊಪ್ಟೆರಿನ್. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾ. ಸಿಡ್ನಿ ಫಾರ್ಬರ್ ಇದನ್ನು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. 1948ರ ಜೂನ್‌ನಲ್ಲಿ ಈ ವರದಿ ಬಂದಾಗ ವೈದ್ಯಲೋಕ ಬೆರಗಾಯಿತು. ಅದೇ ವಸ್ತುವಿನ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಆನೆಕಾಲಿನ ವಿಷಯವನ್ನು ಕೇರಳದವರಿಗೆ ವಿವರಿಸಬೇಕಾಗಿಲ್ಲ. ಚೇರ್ತಲೆಯ ಕಡೆ ಅದೊಂದು ಶಾಪವೇ ಆಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೂ ಇದರ ಹುಳು ತಗಲಿದಾಗ ಮದ್ದಿನ ಹುಡುಕಾಟ ಚುರುಕಾಯಿತು. 1947ರಲ್ಲಿ ಲೆಡರ್ಲೆಯಿಂದ ಹೊರಬಂದ ಹೆಟ್ರಜಾನ್ ಗುಳಿಗೆಯೇ ಇಂದಿನ ಡಿ.ಇ.ಸಿ. 2004ರಿಂದ ಭಾರತ ಸರಕಾರ ಆನೆಕಾಲು ಇರುವ ಜಿಲ್ಲೆಗಳಲ್ಲಿ ಸಾಮೂಹಿಕವಾಗಿ ಹಂಚತೊಡಗಿದ್ದೂ ಇದನ್ನೇ.

ಮಣ್ಣಿನ ಸೂಕ್ಷ್ಮಜೀವಿಗಳಿಂದ ಔಷಧ ಹುಡುಕುವ ಕೆಲಸಕ್ಕೆ ಲೆಡರ್ಲೆಯಲ್ಲಿ ಬೆಂಜಮಿನ್ ಡಗ್ಗರ್ ಎಂಬ ಸಸ್ಯಶಾಸ್ತ್ರಜ್ಞರಿದ್ದರು. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ, ಎಪ್ಪತ್ತು ದಾಟಿದ ಮೇಲೆ ಅಲ್ಲಿಗೆ ಬಂದವರು. ಮಿಸೌರಿಯ ಒಂದು ಹೊಲದ ಮಣ್ಣಿನಲ್ಲಿ ಅವರಿಗೆ ಸಿಕ್ಕಿದ ಹೊಂಬಣ್ಣದ ಜೀವಿ ಅರಿಯೊಮೈಸಿನ್ ಕೊಟ್ಟಿತು. 1948ರಲ್ಲಿ ಲೋಕಕ್ಕೆ ಪರಿಚಯವಾದ ಇದು ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧ. ಪೆನಿಸಿಲಿನ್ ಮುಟ್ಟಲಾಗದ ಹಲವು ರೋಗಾಣುಗಳನ್ನೂ ಅದು ಕೊಂದಿತು.

ಕೊನೆಯ ದಿನಗಳು

1948ರ ಆಗಸ್ಟ್ ತಿಂಗಳಲ್ಲಿ ಸುಬ್ಬರಾಯರು ನ್ಯೂಯಾರ್ಕಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 53. ಕಾಲು ಶತಮಾನ ಅಮೆರಿಕೆಯಲ್ಲಿದ್ದರೂ ಅವರು ಆ ದೇಶದ ಪ್ರಜೆಯಾಗಲಿಲ್ಲ. ಊರಿಗೂ ಹಿಂತಿರುಗಲಿಲ್ಲ. ಅವರಿಗೆ ಹುಟ್ಟಿದ ಗಂಡು ಮಗು ತಂದೆಯನ್ನು ಕಾಣದೆ ಎಳವೆಯಲ್ಲೇ ಕಣ್ಣು ಮುಚ್ಚಿತ್ತು. 1923ರ ಬಳಿಕ ಪತಿಯ ಮುಖವನ್ನೇ ಕಾಣದ ಶೇಷಗಿರಿಯವರ ತ್ಯಾಗ ಯಾವ ವಿಜ್ಞಾನ ಪತ್ರಿಕೆಯಲ್ಲೂ ದಾಖಲಾಗಿಲ್ಲ. ಆ ಗುಳಿಗೆಗಳ ಬೆಲೆಯಲ್ಲಿ ಅದೂ ಒಂದು ಪಾಲು.

ಸುಬ್ಬರಾಯರಿಗೆ ನೊಬೆಲ್ ಬಹುಮಾನ ಬರಲಿಲ್ಲ. ಸಂಸ್ಥೆಯ ಶೋಧಗಳು ಹೊರಬರುವಾಗ ಅವರು ಸಹೋದ್ಯೋಗಿಗಳನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ನಿಂತರು. 1953ರಲ್ಲಿ ಒಂದು ಶಿಲೀಂಧ್ರ ಕುಲಕ್ಕೆ ಸುಬ್ಬರೊಮೈಸಿಸ್ ಎಂಬ ಹೆಸರಿಟ್ಟರು. ಭಾರತದ ಅಂಚೆ ಇಲಾಖೆ 1995ರಲ್ಲಿ, ಜನ್ಮಶತಾಬ್ದಿಯ ವರ್ಷ, ಅಂಚೆಚೀಟಿ ಹೊರಡಿಸಿತು. ಮೂರು ಸಲ ಮೆಟ್ರಿಕ್ ಬರೆದ, ಖಾದಿ ತೊಟ್ಟುದಕ್ಕೆ ಪದವಿ ಕಳೆದುಕೊಂಡ, ಆಸ್ಪತ್ರೆಯ ಪಾತ್ರೆ ತೊಳೆದು ಓದಿದ ಈ ಮನುಷ್ಯನ ಕತೆಯನ್ನು ಪರೀಕ್ಷೆಯಲ್ಲಿ ಸೋತು ಕುಳಿತ ನಮ್ಮ ಮಕ್ಕಳಿಗೆ ಹೇಳಬೇಕು. ಆರೋಗ್ಯ ಕೇಂದ್ರದಿಂದ ತಂದ ಗುಳಿಗೆಯನ್ನು ನುಂಗುವಾಗಲಾದರೂ ಅವರ ಹೆಸರು ನಮ್ಮ ನೆನಪಿಗೆ ಬರಲಿ.