ದೂರ ಅಳೆದ ವಿಲಿಯಂ ಲ್ಯಾಂಬ್ಟನ್

ಜಿದ್ದಾದಲ್ಲಿ ಕೆಲಸ ಮಾಡುವ ನಮ್ಮ ಮಾಮು ರಜೆಗೆ ಬಸರಾಳಿಗೆ ಬಂದಿದ್ದರು. ಬೆಂಗಳೂರಿನಿಂದ ಜಿದ್ದಾಗೆ ನೇರ ದೂರ ಸುಮಾರು 4,200 ಕಿ.ಮೀ. ಎಂದರು. ಆಕಾಶದಲ್ಲಿ ಮೈಲಿಗಲ್ಲು ಇಲ್ಲವಲ್ಲ, ಅಳೆದವರು ಯಾರು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಇಂಥ ನೇರ ದೂರವನ್ನು ಮೊದಲು ನಿಖರವಾಗಿ ಅಳೆದವರನ್ನು ಹುಡುಕುತ್ತಾ ಹೋದೆ. ಹುಡುಕಾಟ ನಮ್ಮ ಜಿಲ್ಲೆಗೇ ಬಂದು ನಿಂತಿತು.

ಅವರು ವಿಲಿಯಂ ಲ್ಯಾಂಬ್ಟನ್. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸಾಧಾರಣ ಕುಟುಂಬದವರು. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ಇದ್ದರು. ಇದನ್ನು ಓದಿದಾಗ ಅಲ್ಲಿಗೇ ಬಿಟ್ಟುಬಿಡೋಣ ಅನಿಸಿತು. ನಮ್ಮ ದಾದಿ ಹಜರತ್ ಎಂದು ಸೇರಿಸದೆ ಟಿಪ್ಪು ಸುಲ್ತಾನರ ಹೆಸರು ಹೇಳುವುದಿಲ್ಲ. ಏಪ್ರಿಲ್‌ನ ಒಂದು ರಾತ್ರಿ ಜನರಲ್ ಬೇರ್ಡ್ ಅವರ ತುಕಡಿ ದಾರಿ ತಪ್ಪಿ ಸುಲ್ತಾನರ ಸೈನ್ಯದ ಕಡೆಗೇ ನಡೆಯುತ್ತಿತ್ತು. ಲ್ಯಾಂಬ್ಟನ್ ಸಪ್ತರ್ಷಿ ನಕ್ಷತ್ರಗಳನ್ನು ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ ಹೋಗುತ್ತಿದ್ದೇವೆ ಎಂದು ಎಚ್ಚರಿಸಿದರು. ಆ ರಾತ್ರಿ ಮೋಡ ಇದ್ದಿದ್ದರೆ ಏನಾಗುತ್ತಿತ್ತು ಎಂದು ದಾದಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇ 4ರಂದು ಸುಲ್ತಾನರು ಶಹೀದರಾದರು.

ಗೆದ್ದ ನಾಡಿನ ನಕ್ಷೆ ಕಂಪನಿಗೆ ಬೇಕಿತ್ತು. ಲ್ಯಾಂಬ್ಟನ್ ಅವರಿಗೆ ಬೇಕಾಗಿದ್ದುದು ಭೂಮಿಯ ನಿಜವಾದ ಆಕಾರ. 1800ರಲ್ಲಿ ಬೆಂಗಳೂರಿನ ಹತ್ತಿರ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ ಅಂಥದ್ದೇ ಇನ್ನೊಂದು ಗೆರೆ ಶುರು ಮಾಡಿದರು. ತ್ರಿಭುಜದ ಒಂದು ಬಾಹು ಮತ್ತು ಕೋನಗಳು ಗೊತ್ತಿದ್ದರೆ ಉಳಿದ ಬಾಹುಗಳು ಲೆಕ್ಕದಲ್ಲೇ ಸಿಗುತ್ತವೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ನೋಡುತ್ತಾ, ತ್ರಿಭುಜದ ಪಕ್ಕ ತ್ರಿಭುಜ ಕಟ್ಟುತ್ತಾ ಮೈಸೂರು ಸೀಮೆ ದಾಟಿ ಮಂಗಳೂರಿನ ಕಡಲು ಮುಟ್ಟಿದರು. ನಡುವಿನ ನೆಲವನ್ನು ಸರಪಳಿ ಹಿಡಿದು ಅಳೆಯಬೇಕಾಗಲಿಲ್ಲ.

ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ಇವರ ಲೆಕ್ಕಕ್ಕೆ ಸಿಕ್ಕಿದ್ದು 360. ಹತ್ತಕ್ಕೆ ಒಂದು ಪಾಲು ತಪ್ಪು! ನಮ್ಮ ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಹತ್ತು ರೂಪಾಯಿಗೆ ತಾಳೆಯಾಗದಿದ್ದರೂ ಮೊದಲಿನಿಂದ ನೋಡಬೇಕು.

ಕೋನ ಅಳೆಯುವ ಅವರ ಥಿಯೋಡಲೈಟ್ ಯಂತ್ರದ ತೂಕ ಅರ್ಧ ಟನ್. ಇಂಗ್ಲೆಂಡಿನಿಂದ ಬರುವಾಗ ಅದು ಫ್ರೆಂಚರ ಕೈಗೆ ಸಿಕ್ಕಿತ್ತು. ವಿಜ್ಞಾನದ ಸಾಮಾನು ಎಂದು ತಿಳಿದು ಮಾರಿಷಸ್‌ನ ಫ್ರೆಂಚ್ ಗವರ್ನರ್ ಮರ್ಯಾದೆಯಿಂದ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಬಡಿಯಿತು, ಕೋನ ತೋರಿಸುವ ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಎಳೆದು ಅದನ್ನು ಮತ್ತೆ ದುಂಡಗೆ ಮಾಡಿದರು. ಶತ್ರು ಸೈನ್ಯದವರು ಎಂಬ ನನ್ನ ಸಿಟ್ಟು ಇಲ್ಲಿ ಸ್ವಲ್ಪ ಇಳಿಯಿತು. ದಾದಿಯದು ಇಳಿದಿಲ್ಲ.

ಅಳೆಯುತ್ತಲೇ ಹೈದರಾಬಾದ್ ದಾಟಿ ನಾಗಪುರದ ಕಡೆಗೆ ಹೊರಟವರು 1823ರ ಜನವರಿ 20ರಂದು ವಾರ್ಧಾ ಹತ್ತಿರದ ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಕೆಲಸವನ್ನು ಅವರ ಸಹಾಯಕ ಜಾರ್ಜ್ ಎವರೆಸ್ಟ್ ಹಿಮಾಲಯದವರೆಗೆ ಒಯ್ದರು. ಎವರೆಸ್ಟ್ ಹೆಸರು ಶಿಖರಕ್ಕೆ ಬಂತು. ಲ್ಯಾಂಬ್ಟನ್ ಅವರ ಗೋರಿ ಹಿಂಗಣಘಾಟ್‌ನಲ್ಲಿದೆ.