ಬೆಳಕಿಗೆ ದಾರಿ ತೋರಿದ ರಾಮನ್

ಮದ್ದೂರಿಗೆ ಸಮೀಪದ ವೈದ್ಯನಾಥಪುರದ ಬಳಿ ಶಿಂಷಾ ನದಿ ಹರಿಯುತ್ತದೆ. ಇಂತಹ ಹೊಳೆಯ ತಿಳಿನೀರಿನ ಮೇಲೆ ಬಿಸಿಲು ಬಿದ್ದಾಗ, ಕಿರುದೆರೆಗಳು ಎದ್ದಂತೆಲ್ಲ ತಳದ ಮರಳಿನ ಮೇಲೆ ಬೆಳಕಿನ ಗೆರೆಗಳು ಕುಣಿಯುತ್ತವೆ. ಅಲೆಯು ಬೆಳಕನ್ನು ಬಾಗಿಸಬಲ್ಲುದೆಂಬುದಕ್ಕೆ ಇದೇ ಸಾಕ್ಷಿ. ಕಿವಿಗೆ ಕೇಳಿಸದ ಶಬ್ದದ ಅಲೆಯೂ ಬೆಳಕಿನ ದಾರಿಯನ್ನು ಹೇಗೆ ಬದಲಿಸುತ್ತದೆಂಬುದನ್ನು ಬೆಂಗಳೂರಿನಲ್ಲಿ ವಿವರಿಸಿದ ಮಹನೀಯರು ಚಂದ್ರಶೇಖರ ವೆಂಕಟರಾಮನ್.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ ಎಂ.ಎ. ಪದವಿ ಪಡೆದು, ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲೆಲ್ಲ ಕಚೇರಿಯ ಲೆಕ್ಕಪತ್ರ; ಉಳಿದ ವೇಳೆಯಲ್ಲಿ ವಿಜ್ಞಾನ ಸಂಘದ ಪ್ರಯೋಗಶಾಲೆ. ವೀಣೆ, ಮೃದಂಗಗಳ ನಾದದ ಗುಟ್ಟನ್ನು ಅವರು ಅಲ್ಲಿ ಅರಸಿದರು. 1917ರಲ್ಲಿ ಹೆಚ್ಚಿನ ಸಂಬಳದ ಹುದ್ದೆಯನ್ನು ತೊರೆದು, ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ಬೆಳಕಿನ ಚದರಿಕೆಯಲ್ಲಿ ಹೊಸ ಪರಿಣಾಮವನ್ನು ಕಂಡುಹಿಡಿದರು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆದರೆ ಸಂಸ್ಥೆಯ ಆಡಳಿತದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು, 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಮನಸ್ಸಿಗೆ ನೆಮ್ಮದಿಯಿಲ್ಲದ ಆ ವರ್ಷಗಳಲ್ಲಿಯೂ ಅವರ ಸಂಶೋಧನೆ ನಿಲ್ಲಲಿಲ್ಲ.

ದ್ರವದೊಳಗೆ ಅತಿ ಹೆಚ್ಚು ಕಂಪನಸಂಖ್ಯೆಯ ಶಬ್ದವನ್ನು ಹಾಯಿಸಿದರೆ ಅದರ ಮೂಲಕ ಸಾಗುವ ಬೆಳಕು ಕವಲೊಡೆಯುತ್ತದೆಂದು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಕಂಡಿದ್ದರು. ಇದಕ್ಕೆ ತೃಪ್ತಿಕರವಾದ ವಿವರಣೆ ಬೇಕಾಗಿತ್ತು. ರಾಮನ್ನರು ತರುಣ ನಾಗೇಂದ್ರನಾಥರೊಡನೆ 1935-36ರಲ್ಲಿ ಅದನ್ನು ಒದಗಿಸಿ, ಅಕಾಡೆಮಿಯ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಶಬ್ದ ಸಾಗುವಾಗ ದ್ರವದಲ್ಲಿ ದಟ್ಟ ಪದರ, ವಿರಳ ಪದರಗಳು ಒಂದರ ಮಗ್ಗುಲಲ್ಲೊಂದು ಏರ್ಪಡುತ್ತವೆ. ದಟ್ಟ ಪದರದಲ್ಲಿ ಬೆಳಕಿನ ವೇಗ ತುಸು ಕಡಿಮೆ. ಆದ್ದರಿಂದ ಸಮನಾಗಿ ಒಳಹೊಕ್ಕ ಬೆಳಕಿನ ಅಲೆ ಸುಕ್ಕುಗಟ್ಟಿ ಹೊರಬಂದು, ಹಲವು ಕಿರಣಗಳಾಗಿ ಒಡೆಯುತ್ತದೆ. ಶಬ್ದದ ಬಲ ಬದಲಾದರೆ ಕವಲುಗಳ ಪ್ರಕಾಶ ಬದಲಾಗುತ್ತದೆ. ಕಂಪನಸಂಖ್ಯೆ ಬದಲಾದರೆ ಅವುಗಳ ದಿಕ್ಕು ಬದಲಾಗುತ್ತದೆ. ಇದು ರಾಮನ್-ನಾಥ್ ಸಿದ್ಧಾಂತವೆಂದು ಪ್ರಸಿದ್ಧವಾಯಿತು. ತಾರುಣ್ಯದಲ್ಲಿ ಒಲಿದ ನಾದ, ಕೀರ್ತಿ ತಂದ ಬೆಳಕು, ಎರಡೂ ಇಲ್ಲಿ ಒಂದುಗೂಡಿದವು.

ಇದರ ಬೆಲೆ ಮುಂದಿನ ತಲೆಮಾರುಗಳಿಗೆ ತಿಳಿಯಿತು. ಇಂದಿನ ಮಹಾಗಣಕಗಳಲ್ಲಿ ಸಾವಿರಾರು ಸಂಸ್ಕಾರಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುತ್ತವೆ. ಒಂದರ ಉತ್ತರ ತಡವಾದರೆ ಉಳಿದವು ಕಾಯಬೇಕು. ಗಾಜಿನ ಎಳೆಗಳಲ್ಲಿ ಸಂದೇಶವು ಬೆಳಕಾಗಿ ಓಡಿದರೂ, ದಾರಿ ಕವಲಾಗುವಲ್ಲಿ ಅದನ್ನು ಸಾಮಾನ್ಯವಾಗಿ ವಿದ್ಯುತ್ತಾಗಿಸಿ ಮತ್ತೆ ಬೆಳಕಾಗಿಸುತ್ತಾರೆ. ಇದಕ್ಕೆ ಕಾಲವೂ ಶಕ್ತಿಯೂ ವ್ಯಯವಾಗುತ್ತವೆ. ಬೆಳಕನ್ನು ಬೆಳಕಾಗಿಯೇ ತಿರುಗಿಸುವ ಸಾಧನಗಳಲ್ಲಿ ಶಬ್ದದ ಅಲೆಯನ್ನು ಬಳಸುವುದೂ ಒಂದು ಬಗೆ. ಆದರೆ ಬೆಳಕನ್ನು ಕೆರೆಯ ನೀರಿನಂತೆ ತಡೆದು ನಿಲ್ಲಿಸುವುದು ಸುಲಭವಲ್ಲ. ನಾಲೆಯ ನೀರಿಗೆ ಸರದಿ ಗೊತ್ತುಮಾಡುವಂತೆ, ಯಾವ ಕ್ಷಣದಲ್ಲಿ ಯಾವ ಕಿರಣಕ್ಕೆ ಯಾವ ದಾರಿ ಎಂಬುದನ್ನು ಮೊದಲೇ ನಿಗದಿಪಡಿಸಬೇಕು.

ರಾಮನ್ನರು 1948ರಲ್ಲಿ ನಿವೃತ್ತರಾಗಿ, ತಾವೇ ಕಟ್ಟಿದ ಸಂಶೋಧನಾಲಯದಲ್ಲಿ ಕೆಲಸ ಮುಂದುವರಿಸಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅವರು ನಿರ್ದೇಶಕರಾಗಿದ್ದ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕ ಸ್ಥಾಪಿತವಾಯಿತು. ಅಂತಹ ಯಂತ್ರವನ್ನು ರಾಮನ್ನರು ಕಂಡವರಲ್ಲ. ಅದಕ್ಕಾಗಿ ದುಡಿದವರೂ ಅಲ್ಲ. ಅಲೆಯೊಂದು ಬೆಳಕನ್ನು ಏಕೆ ಬಾಗಿಸುತ್ತದೆಂದು ತಿಳಿಯುವುದಷ್ಟೇ ಅವರ ಹಂಬಲವಾಗಿತ್ತು. ಪದವಿ ಕೈಬಿಟ್ಟುಹೋಯಿತು, ಪಡೆದ ತಿಳಿವು ಲೋಕಕ್ಕೆ ಉಳಿಯಿತು.