ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿದ ಬಲೂನು: ವೈದ್ಯ ಗ್ರುಂಟ್ಸಿಗ್ ಜೀವನಕಥೆ

ತಲಕಾಡಿಗೆ ಹೋದವರು ವೈದ್ಯನಾಥೇಶ್ವರನಿಗೆ ಕೈಮುಗಿಯದೆ ಹಿಂದಿರುಗುವುದಿಲ್ಲ. ಕಾವೇರಿಯ ಮರಳು ಅಲ್ಲಿನ ಗುಡಿಗಳನ್ನು ಶತಮಾನಗಳಿಂದ ಮುಚ್ಚುತ್ತಲೇ ಬಂದಿದೆ. ತೆಗೆದ ಮರಳು ಗಾಳಿಗೆ ಮತ್ತೆ ಬಂದು ತುಂಬುತ್ತದೆ. ಮನುಷ್ಯನ ರಕ್ತನಾಳಗಳ ಪಾಡೂ ಕೆಲವೊಮ್ಮೆ ಹೀಗೆಯೇ. ಎದೆ ಸೀಳದೆ ಹೃದಯದ ನಾಳ ತೆರೆಯುವ ದಾರಿಯನ್ನು ಜಗತ್ತಿಗೆ ತೋರಿಸಿದ ಆಂಡ್ರಿಯಾಸ್ ಗ್ರುಂಟ್ಸಿಗ್, ತೆರೆದ ನಾಳ ಮತ್ತೆ ಕಿರಿದಾಗಬಹುದೆಂಬುದನ್ನೂ ಮುಚ್ಚಿಡದ ವೈದ್ಯರಾಗಿದ್ದರು.

ಅವರು ಜನಿಸಿದ್ದು 1939ರ ಜೂನ್ 25ರಂದು, ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ. ಎರಡನೇ ಮಹಾಯುದ್ಧದಲ್ಲಿ ತಂದೆ ಕಾಣೆಯಾದರು. ಲೈಪ್‌ಜಿಗ್‌ನಲ್ಲಿ ಶಾಲೆ ಕಲಿತ ಬಾಲಕ ಬರ್ಲಿನ್ ಗೋಡೆ ಏಳುವ ಮುನ್ನವೇ ಪಶ್ಚಿಮ ಜರ್ಮನಿ ಸೇರಿ, 1964ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ವೈದ್ಯ ಪದವಿ ಪಡೆದರು. 1969ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಆಸ್ಪತ್ರೆ ಅವರ ಕರ್ಮಭೂಮಿಯಾಯಿತು.

ಅಷ್ಟರಲ್ಲಾಗಲೇ ಅಮೆರಿಕದ ಚಾರ್ಲ್ಸ್ ಡಾಟರ್ 1964ರಲ್ಲಿ ಕ್ಯಾತೆಟರ್ ಎಂಬ ಸಣ್ಣ ಕೊಳವೆಯಿಂದ ಕಾಲಿನ ನಾಳವನ್ನು ಹಿಗ್ಗಿಸಿದ್ದರು. ಆದರೆ ಒಂದಕ್ಕಿಂತ ಒಂದು ದಪ್ಪದ ಕೊಳವೆ ತೂರಿಸುವ ಆ ವಿಧಾನ ಒರಟಾಗಿತ್ತು. ಕೊಳವೆಯ ತುದಿಯಲ್ಲಿ ಪುಟ್ಟ ಬಲೂನು ಇರಿಸಿದರೆ ಹೇಗೆ ಎಂಬ ಯೋಚನೆ ಗ್ರುಂಟ್ಸಿಗ್ ಅವರನ್ನು ಹಿಡಿಯಿತು. ರಬ್ಬರಿನ ಬಲೂನು ಗಟ್ಟಿ ಜಾಗದಲ್ಲಿ ಹಿಗ್ಗದೆ ಆಚೀಚೆ ಉಬ್ಬಿಬಿಡುತ್ತಿತ್ತು. ನಿಗದಿತ ಅಳತೆ ಮೀರಿ ಉಬ್ಬದ ಪಿವಿಸಿ ಬಲೂನನ್ನು ಅವರು ರೂಪಿಸಿದ್ದು ಮನೆಯ ಅಡುಗೆಮನೆಯಲ್ಲಿ. ಪತ್ನಿ, ಸಹಾಯಕಿ ಮರಿಯಾ ಷ್ಲುಂಫ್ ಹಾಗೂ ಆಕೆಯ ಪತಿಯ ನೆರವಿನೊಂದಿಗೆ.

1974ರಲ್ಲಿ ಆ ಬಲೂನು ಕಾಲಿನ ನಾಳ ತೆರೆಯಿತು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ, ಎಚ್ಚರವಾಗಿಯೇ ಇದ್ದ ರೋಗಿಯ ಹೃದಯದ ನಾಳ ತೆರೆಯಿತು. ರೋಗಿಗೂ ವೈದ್ಯರಿಗೂ ಆಗ 38ರ ವಯಸ್ಸು. ಹತ್ತು ವರ್ಷಗಳ ನಂತರ ಪರೀಕ್ಷಿಸಿದಾಗಲೂ ಆ ನಾಳ ತೆರೆದೇ ಇತ್ತು.

1978ರಲ್ಲಿ ಅವರು ಮೂತ್ರಪಿಂಡದ ನಾಳವನ್ನು ಇದೇ ರೀತಿ ಹಿಗ್ಗಿಸಿ ಅಧಿಕ ರಕ್ತದೊತ್ತಡ ಇಳಿಸಿದ್ದನ್ನು ವರದಿ ಮಾಡಿದರು. ನಮ್ಮ ದೇಶದ ಯುವತಿಯರ ಪಾಲಿಗೆ ಈ ವರದಿಯ ಮಹತ್ವ ದೊಡ್ಡದು. ಟಕಯಾಸು ಕಾಯಿಲೆಯಲ್ಲಿ ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಟ್ಟಿ, ನಾಳ ಕಿರಿದಾಗುತ್ತದೆ. 1908ರಲ್ಲಿ ಇದರ ಕಣ್ಣಿನ ಲಕ್ಷಣ ಗುರುತಿಸಿದ ಜಪಾನಿನ ನೇತ್ರವೈದ್ಯರ ಹೆಸರೇ ಕಾಯಿಲೆಗೆ ಬಂದಿದೆ. ಬಹುತೇಕ 40ರೊಳಗಿನ ಮಹಿಳೆಯರನ್ನು ಕಾಡುವ ಈ ರೋಗದಲ್ಲಿ ಮಣಿಕಟ್ಟಿನ ನಾಡಿಯೇ ಸಿಗದಿರುವುದುಂಟು.

ಕೊಬ್ಬು ಕಟ್ಟಿದ ನಾಳವೆಂದರೆ ಹೂಳು ತುಂಬಿದ ಕಾಲುವೆ. ಟಕಯಾಸುವಿನಲ್ಲಿ ಕಾಲುವೆಯ ದಡವೇ ಊದಿಕೊಂಡಿರುತ್ತದೆ. ಗೋಡೆ ಗಡುಸಾಗಿರುವುದರಿಂದ ಬಲೂನಿಗೆ ಹೆಚ್ಚಿನ ಒತ್ತಡ ಬೇಕಾಗುತ್ತದೆ. ಉರಿಯೂತ ಆರುವ ಮುನ್ನ ಹಿಗ್ಗಿಸಿದರೆ ನಾಳ ಮತ್ತೆ ಮುಚ್ಚಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದಲೇ ತುರ್ತಿಲ್ಲದಿದ್ದಾಗ ವೈದ್ಯರು ಮೊದಲು ಸ್ಟಿರಾಯ್ಡ್ ಮುಂತಾದ ಔಷಧಗಳಿಂದ ಉರಿಯೂತ ತಗ್ಗಿಸಿ, ನಂತರವೇ ಬಲೂನು ಅಥವಾ ಸ್ಟೆಂಟ್‌ಗೆ ಕೈಹಾಕುತ್ತಾರೆ. ಬಲೂನು ದಾರಿ ತೆರೆಯುತ್ತದೆ, ರೋಗವನ್ನು ಗುಣಪಡಿಸುವುದಿಲ್ಲ.

ಈ ಮಿತಿಯ ಅರಿವು ಗ್ರುಂಟ್ಸಿಗ್ ಅವರಿಗಿತ್ತು. 1979ರಲ್ಲಿ ಮೊದಲ 50 ಹೃದ್ರೋಗಿಗಳ ಫಲಿತಾಂಶ ಪ್ರಕಟಿಸಿದಾಗ ಯಶಸ್ಸು 32 ಮಂದಿಯಲ್ಲಿ ಮಾತ್ರ ಎಂದು ತಾವೇ ಬರೆದರು. ಮತ್ತೆ ಕಿರಿದಾದ ನಾಳಗಳ ಲೆಕ್ಕವನ್ನೂ ಕೊಟ್ಟರು. 1980ರಲ್ಲಿ ಅಮೆರಿಕದ ಅಟ್ಲಾಂಟಾಕ್ಕೆ ತೆರಳಿ ಎಮೊರಿ ವಿಶ್ವವಿದ್ಯಾಲಯ ಸೇರಿದರು. 1985ರ ಅಕ್ಟೋಬರ್ 27ರಂದು ತಾವೇ ಚಲಾಯಿಸುತ್ತಿದ್ದ ವಿಮಾನ ಪತನಗೊಂಡು ಪತ್ನಿಯೊಂದಿಗೆ ಅಸುನೀಗಿದರು. ಆಗ ವಯಸ್ಸು 46. ಡಾಟರ್ ಅದೇ ವರ್ಷದ ಫೆಬ್ರುವರಿಯಲ್ಲಿ ನಿಧನರಾಗಿದ್ದರು.

ಇಂದು ತಲಕಾಡು, ತಿ. ನರಸೀಪುರದ ಕಡೆಯ ರೋಗಿಗೆ ಬಲೂನು ಚಿಕಿತ್ಸೆ ಮೈಸೂರಿನಲ್ಲೇ ಲಭ್ಯ. ಆದರೆ ರೋಗ ಗುರುತಾದರೆ ತಾನೆ ಚಿಕಿತ್ಸೆ? ಚಿಕ್ಕ ವಯಸ್ಸಿನವರಲ್ಲಿ ರಕ್ತದೊತ್ತಡ ಏರಿದ್ದರೆ, ಕೆಲಸ ಮಾಡುವಾಗ ಒಂದು ಕೈ ಬೇಗ ಸೋಲುತ್ತಿದ್ದರೆ, ಎರಡೂ ಕೈಗಳ ನಾಡಿ ಹಾಗೂ ರಕ್ತದೊತ್ತಡ ನೋಡಿಸುವುದು ಅಗತ್ಯ. ಗ್ರುಂಟ್ಸಿಗ್ ಅವರ ಬಲೂನಿನ ಕೆಲಸ ಆ ಪರೀಕ್ಷೆಯ ನಂತರದ್ದು.